ಮಳಿಗೆಯ ಮೊದಲ ಉಸಿರು

ನವೆಂಬರ್ ೯, ಸೋಮವಾರ

ನಿನ್ನೆ ಬೆಳೆಗಾರರ ಸಂಘದ ಕಾರ್ಯದರ್ಶಿಗೆ ಕಳುಹಿಸಿದ ಪತ್ರದಲ್ಲಿ ಒಂದು ತಪ್ಪು ನುಸುಳಿರುವುದು ಇಂದು ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಕೂಡಲೇ ಇನ್ನೊಂದು ಪತ್ರ ಬರೆದೆ. ಅದರ ಒಕ್ಕಣೆಯನ್ನು ಇಲ್ಲಿಯೂ ಇಳಿಸಿಕೊಳ್ಳುತ್ತೇನೆ:

"ಮಾನ್ಯರೇ, ನಿನ್ನೆಯ ನನ್ನ ಪತ್ರದಲ್ಲಿ ಕೆಳಗಿನ ಹೊಲದ ಗೆಣಸಿನ ಅಗೆತ ಅಕ್ಟೋಬರ್ ೨೮ರಂದು ಮೊದಲಾಯಿತೆಂದು ಬರೆದಿದ್ದೇನೆ. ಅದು ೨೯ ಆಗಬೇಕು. ಆ ವಾರ ನಾನು ಜ್ವರ, ನೆಗಡಿಗಳಿಂದ ಮಲಗಿದ್ದುದರಿಂದ ಈ ಪ್ರಮಾದ ಸಂಭವಿಸಿದೆ. ತಮಗೆ ತಪ್ಪು ತಿಳಿವಳಿಕೆ ಉಂಟುಮಾಡಿದ್ದಕ್ಕಾಗಿ ಕ್ಷಮೆ ಬೇಡುತ್ತೇನೆ. ಪತ್ರದ ಉಳಿದ ಸಂಗತಿಗಳೆಲ್ಲವೂ ಬರೆದಂತೆಯೇ ನಿಲ್ಲುತ್ತವೆ."

ಉಳಿದ ಸಂಗತಿಗಳೆಂದರೆ ಇವು. ತಮ್ಮನು ಕೆಳಗಿನ ಹೊಲಕ್ಕೆ ನಾನು ಹೇಳಿದ ಮಿತಿಗಿಂತ ಎರಡು ಸುತ್ತು ಹೆಚ್ಚು ಯೂರಿಯಾ ಹಾಕಿದ್ದಾನೆ. ಸಾರಜನಕ ಮಿತಿಮೀರಿದರೆ ಬಳ್ಳಿ ಕೊಬ್ಬುತ್ತದೆ, ಗೆಡ್ಡೆ ಸೊರಗುತ್ತದೆ. ಕಟ್ಟಿದ ಗೆಡ್ಡೆಯೂ ನೀರುನೀರಾಗಿ, ಸೀಳುಬಿಟ್ಟು, ಮಳಿಗೆಯಲ್ಲಿ ಬಹುಕಾಲ ನಿಲ್ಲದು. ಈ ವರ್ಷ ಬಂದ ಗೆಣಸಿಗೆ ಹೊಸ ಗೆಡ್ಡೆಗಿರಬೇಕಾದ ಹಸಿಮಣ್ಣಿನ ಗಂಧವೇ ಇಲ್ಲ. ಆದ್ದರಿಂದ ಸಂಘವು ಪ್ರತಿವರ್ಷದಂತೆ ನಮ್ಮಿಂದ ಬಿತ್ತನೆಯ ಗೆಡ್ಡೆಗಳನ್ನು ಕೊಳ್ಳುವ ಮುನ್ನ ಯೋಚಿಸಬೇಕು.

ಒಡಹುಟ್ಟಿದವನ ಬೆಳೆಯ ಬಗ್ಗೆ ಹೀಗೆ ಬರೆಯುವುದು ಹಿತವಲ್ಲ. ಆದರೆ ಹೊಲದ ಕೆಲಸ ಅವನದು, ಗೆಡ್ಡೆ ಕೂಡಿಡುವ ಮಳಿಗೆ ನನ್ನದು ಎಂದು ಅಪ್ಪನೇ ಹಂಚಿಹೋಗಿದ್ದಾನೆ. ಹೊಲದವನು ತಪ್ಪಿದರೆ ಮಳಿಗೆಯವನು ಹೇಳಬೇಕು. ಈ ಸಲದ ಗೆಣಸು ಬಿತ್ತನೆಯ ಕಾಲದವರೆಗೆ ನಿಲ್ಲದಿದ್ದರೆ ನಮ್ಮ ಪಾಲುಗಾರಿಕೆ ಮುಗಿಯಿತು, ಹೊಲವನ್ನು ಬೇರೊಬ್ಬನಿಗೆ ವಹಿಸುತ್ತೇನೆ ಎಂದು ತಮ್ಮನಿಗೂ ಸ್ಪಷ್ಟವಾಗಿ ತಿಳಿಸಿದ್ದೇನೆ.

ಪತ್ರ ಹಿಡಿದು ಹೊರಟಾಗ ಅಕ್ಕ ಅಡುಗೆಮನೆಯಿಂದಲೇ ಕೇಳಿದಳು. ಗಂಡ ತೀರಿದಂದಿನಿಂದ ಈ ಮನೆಯಲ್ಲಿದ್ದು ನನ್ನ ಊಟವನ್ನೂ ನನ್ನ ತಪ್ಪುಗಳನ್ನೂ ನೋಡಿಕೊಂಡಿರುವವಳು ಅವಳು.

"ಒಂದು ದಿನ ಹಿಂದೆ ಮುಂದೆ ಆದ್ರೆ ಗೆಣಸೇನು ಮುನಿಸ್ಕೊಳ್ಳುತ್ತೇನೋ? ತಾರೀಖು ತಿದ್ದೋ ಬದಲು ಕಾಗದಾನೇ ವಾಪಸ್ ತರಿಸ್ಕೋಬಾರ್ದಿತ್ತಾ?"

"ಬರೆದುದು ಸತ್ಯವಾಗಿರುವಾಗ ಹಿಂಪಡೆಯುವುದೇಕೆ?" ಎಂದೆ.

"ಆಹಾ, ಆಸ್ಥಾನ ಪಂಡಿತರು ಬಾಯಿಬಿಟ್ರು," ಎಂದು ಪಾತ್ರೆಯನ್ನು ಕುಕ್ಕಿದಳು.

ನವೆಂಬರ್ ೧೪, ಶನಿವಾರ

ತಮ್ಮನು ಹದಕೋಣೆಯ ಬಾಗಿಲಿಗೆ ಬಂದು, ಒಲೆ ಇನ್ನೂ ಏಕೆ ಉರಿಯುತ್ತಿದೆ ಎಂದು ಕೇಳಿದನು. ಐವತ್ತು ದಾಟಿದವನಿಗೆ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಅಗೆಯುವಾಗ ಗೆಡ್ಡೆಯ ಮೈಗೆ ಗಾಯವಾಗಿರುತ್ತದೆ. ಬಿಸಿಯೂ ತೇವವೂ ಇರುವ ಕೋಣೆಯಲ್ಲಿ ಕೆಲವು ದಿನ ಇಟ್ಟರೆ ಗಾಯ ಮಾಯ್ದು, ಅದರ ಮೇಲೆ ಹೊಸ ಸಿಪ್ಪೆ ಕಟ್ಟುತ್ತದೆ. ಆಗ ಹಸಿ ವಾಸನೆ ಅಡಗಿ ಜೇನಿನಂಥದೊಂದು ಸಿಹಿಗಂಧ ಏಳುತ್ತದೆ. ಹದ ತಿರುಗುವುದೆಂದರೆ ಅದು. ತಿರುಗಿದೊಡನೆ ಒಲೆ ಆರಿಸಿ, ಗೆಡ್ಡೆಗಳನ್ನು ತಂಪುಕೋಣೆಗೆ ಸಾಗಿಸಬೇಕು. ಉಷ್ಣಮಾಪಕ ಬಿಸಿಯನ್ನು ಹೇಳೀತು, ಹದವನ್ನು ಹೇಳದು.

ಅದಕ್ಕಾಗಿಯೇ ಈ ಮನೆಯ ಕಟ್ಟಳೆ. ಮುಚ್ಚಿದ ಕೋಣೆಯ ಬಾಗಿಲು ತೆರೆದಾಗ ಮೊದಲ ಉಸಿರೇ ಸಾಕ್ಷಿ. ಎರಡನೆಯ ಉಸಿರಿಗೆ ಮೂಗು ಒಗ್ಗಿಹೋಗಿರುತ್ತದೆ. ಆದ್ದರಿಂದ ಮಳಿಗೆಯವನಿಗಿಂತ ಮುಂಚೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಅವನು ಬಾಯಿ ಬಿಡುವವರೆಗೆ ಯಾರೂ ವಾಸನೆಯ ಮಾತೆತ್ತುವಂತಿಲ್ಲ. ಒಬ್ಬರು ಮೊದಲೇ ಹೇಳಿಬಿಟ್ಟರೆ ಮೂಗು ಗೆಣಸನ್ನು ಬಿಟ್ಟು ಆ ಮಾತನ್ನೇ ಮೂಸುತ್ತದೆ ಎನ್ನುತ್ತಿದ್ದನು ಅಪ್ಪ.

ಪೆಟ್ಟಿಗೆ ಹೊರುವ ಆಳು, ಎಲ್ಲರೂ ಸೊಟ್ಟ ಟೋಪಿ ಎಂದು ಕರೆಯುವವನು, ಇಂದು ಬಾಗಿಲ ಬಳಿ ನಿಂತು ಹಲ್ಲು ಕಿರಿಯುತ್ತ, "ಯಜಮಾನ್ರೇ, ಇವತ್ತಂತೂ..." ಎಂದು ಮೊದಲಿಟ್ಟನು. ನಾನು ಬೆರಳೆತ್ತಿದೆ.

"ತಪ್ಪಾಯ್ತು. ನಾನು ಮೂಗು ಮನೇಲೇ ಬಿಟ್ಟು ಬಂದಿದೀನಿ ಅಂದ್ಕೊಳ್ಳಿ," ಎಂದು ಬಾಯಿ ಮುಚ್ಚಿಕೊಂಡನು.

ಬಾಗಿಲು ತೆರೆದು ಉಸಿರೆಳೆದೆ. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಸಿಹಿಗಂಧವಿಲ್ಲ. ಹಸಿ ವಾಸನೆಯೂ ಇಲ್ಲ. ಸಾರಜನಕ ಕುಡಿದು ಬೆಳೆದ ಗೆಡ್ಡೆಗೆ ಗುಣವೂ ಇಲ್ಲ, ಗಂಧವೂ ಇಲ್ಲ. ಒಲೆಗೆ ಇನ್ನಷ್ಟು ಸೌದೆ ಇಡಲು ಹೇಳಿದೆ. ಸೊಟ್ಟ ಟೋಪಿಯು ನನ್ನನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿ, ಸೌದೆ ತರಲು ಹೋದನು.

ನವೆಂಬರ್ ೨೩, ಸೋಮವಾರ

ಹದ ತಿರುಗಲೇ ಇಲ್ಲ. ಬದಲಾಗಿ ಗೆಡ್ಡೆಗಳ ಕಣ್ಣುಗಳಲ್ಲಿ ನಸುಗೆಂಪು ಮೊಳಕೆ ಕಾಣಿಸಿಕೊಂಡಿದೆ. ಇನ್ನು ಕಾಯುವಂತಿಲ್ಲ. ಒಲೆ ಆರಿಸಿ, ಎಲ್ಲವನ್ನೂ ತಂಪುಕೋಣೆಗೆ ಹೊರಿಸಿದೆ. ಕೆಳಗಿನ ಹೊಲದ ಪೆಟ್ಟಿಗೆಗಳು ಎಡಕ್ಕೆ, ಮೇಲಿನ ಹೊಲದವು ಬಲಕ್ಕೆ.

ಮನಸ್ಸನ್ನು ಕೊರೆಯುವ ಸಂಗತಿ ಇನ್ನೊಂದಿದೆ. ಮೇಲಿನ ಹೊಲಕ್ಕೆ ನಾನೇ ನಿಂತು ಗೊಬ್ಬರದ ಅಳತೆ ಹಾಕಿಕೊಟ್ಟಿದ್ದೆ: ಸಾರಜನಕ ಅರ್ಧ, ಪೊಟ್ಯಾಷು ಪೂರ್ತಿ, ಒಲೆಯ ಬೂದಿ. ಪೊಟ್ಯಾಷು ಸಾಕಷ್ಟಿದ್ದರೆ ಗೆಡ್ಡೆ ಗಟ್ಟಿಯಾಗಿ ಸಿಹಿ ತುಂಬಿಕೊಳ್ಳಬೇಕು. ಆದರೆ ಆ ಹೊಲದ ಗೆಣಸಿಗೂ ಗಂಧವಿಲ್ಲ. ಇದಕ್ಕೆ ಒಂದೇ ಅರ್ಥ. ತಮ್ಮನು ನನ್ನ ಕಣ್ಣು ತಪ್ಪಿಸಿ ಅಲ್ಲಿಗೂ ಯೂರಿಯಾ ಸುರಿದಿದ್ದಾನೆ.

ಕೆಳಗಿನ ಹೊಲದ್ದನ್ನು ಅವನೇ ಬಂದು ಹೇಳಿದ್ದನು. ಇದನ್ನು ಹೇಳಿಲ್ಲ. ತಪ್ಪಿಗಿಂತ ಸುಳ್ಳು ದೊಡ್ಡದು.

ನವೆಂಬರ್ ೨೭, ಶುಕ್ರವಾರ

ಬೆಳಿಗ್ಗೆ ಹಾಲು ಕುಡಿದು ಲೋಟ ಕೆಳಗಿಟ್ಟಾಗ ಅಕ್ಕ ಎದುರಿಗೆ ಬಂದು ನಿಂತಿದ್ದಳು.

"ಪೂರ್ತಿ ಕುಡಿದ್ಯಾ?"

"ಕುಡಿದೆ."

"ಸೀದು ತಳ ಹಿಡಿದಿತ್ತು ಕಣೋ. ಚೆಲ್ಲೋಣ ಅಂತ ಇಟ್ಟಿದ್ದೆ. ಗೊತ್ತಾಗ್ಲಿಲ್ವಾ ನಿಂಗೆ?"

ಗೊತ್ತಾಗಿತ್ತು, ನಿನ್ನ ಮನಸ್ಸು ನೋಯಬಾರದೆಂದು ಸುಮ್ಮನಿದ್ದೆ ಎಂದು ಹೇಳಿದೆ. ಹೇಳಿದ ಮೇಲೆ ಅದು ನಿಜವೆಂದೇ ತೋರಿತು. ಅಕ್ಕ ಏನೂ ಅನ್ನದೆ ಲೋಟ ಎತ್ತಿಕೊಂಡು ಹೋದಳು. ಅವಳು ಏನೂ ಅನ್ನದಿರುವುದು ಅಪರೂಪ.

ಈಚೆಗೆ ಅವಳ ಅಡುಗೆ ಸಪ್ಪೆಯಾಗುತ್ತಿದೆ. ವಯಸ್ಸಾಯಿತು. ಅಂಗಡಿಯವರು ಸಾಬೂನಿಗೂ ಈಗ ಸುಗಂಧ ಹಾಕುತ್ತಿಲ್ಲ. ಎಲ್ಲ ಕಡೆ ಮೋಸ.

ಡಿಸೆಂಬರ್ ೨, ಬುಧವಾರ

ಎದುರು ಮನೆಯ ದರ್ಜಿ ಬಂದಿದ್ದನು. ಬೀದಿಯ ಚರಂಡಿಯ ಮೇಲೆ ಪುರಸಭೆಗೆ ಅರ್ಜಿ ಬರೆದುಕೊಡಬೇಕಂತೆ.

"ನಾಲ್ಕೈದು ದಿನದಿಂದ ನಾರ್ತಿದೆ ಸ್ವಾಮಿ. ಕಿಟಕಿ ತೆಗೆಯೋ ಹಾಗಿಲ್ಲ. ಬಟ್ಟೆ ತಗೊಂಡು ಹೋಗೋಕೆ ಬಂದ ಗಿರಾಕಿ ಮೂಗು ಮುಚ್ಕೊಂಡು ನಿಂತಿದ್ರು. ನೀವು ಬರೆದ್ರೆ ಅದರ ತೂಕವೇ ಬೇರೆ."

'ಚರಂಡಿ ನಾರ್ತಿದೆ' ಎಂದು ಪುರಸಭೆಗೆ ಬರೆಯಲಾಗದು. ನಾನೇ ಬೀದಿಗಿಳಿದು ಚರಂಡಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದೆ. ನೀರು ಸರಾಗವಾಗಿ ಹರಿಯುತ್ತಿತ್ತು, ವಿಶೇಷವೇನೂ ತಿಳಿಯಲಿಲ್ಲ. ಆದರೂ ಅರ್ಜಿದಾರನ ಮಾತನ್ನು ಗೌರವಿಸಿ, "ಸಹಿಸಲಸಾಧ್ಯವಾದ ದುರ್ಗಂಧವು ಹಗಲಿರುಳೂ ಹೊಮ್ಮುತ್ತಿದ್ದು, ಅದರ ಮೂಲವನ್ನು ಶೀಘ್ರವೇ ಶೋಧಿಸಿ ನಿವಾರಿಸತಕ್ಕದ್ದು" ಎಂದು ಬರೆದುಕೊಟ್ಟೆ. ಅರ್ಜಿ ಚೆನ್ನಾಗಿ ಬಂದಿದೆ. ದರ್ಜಿಗೆ ಬಹಳ ಸಂತೋಷವಾಯಿತು.

ತಂಪುಕೋಣೆಯ ಗೋಡೆ ಬೆವರುತ್ತಿದೆ. ನೀರು ಕುಡಿದ ಗೆಡ್ಡೆ ನೀರನ್ನೇ ಉಸಿರಾಡುತ್ತದೆ. ಗಾಳಿಕಿಂಡಿಗಳನ್ನು ತೆರೆಯಬೇಕೇ ಎಂದು ಯೋಚಿಸಿದೆ. ಒಳಗಿನ ಗಾಳಿ ಹುಳಿಯಾದಾಗ ಮಾತ್ರ ಅವನ್ನು ತೆರೆಯುವುದು. ಸುಮ್ಮನೆ ತೆರೆದರೆ ಚಳಿ ನುಗ್ಗಿ ಗೆಡ್ಡೆಯ ಒಡಲು ಕಲ್ಲಾಗುತ್ತದೆ, ಎಷ್ಟು ಬೇಯಿಸಿದರೂ ಮೆತ್ತಗಾಗದು. ಹುಳಿ ವಾಸನೆಯಿಲ್ಲ. ಮುಚ್ಚಿಯೇ ಇಟ್ಟೆ.

ಡಿಸೆಂಬರ್ ೬, ಭಾನುವಾರ

ತಮ್ಮನನ್ನು ಕರೆಸಿ, ಮೇಲಿನ ಹೊಲದ ವಿಷಯವನ್ನು ನೇರವಾಗಿ ಕೇಳಿದೆ. ಮಳಿಗೆಯ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದೆವು. ಅವನು ಆಗಾಗ ಮುಖವನ್ನು ಬೀದಿಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದನು. ತಪ್ಪಿತಸ್ಥನ ಲಕ್ಷಣವೆಂದು ತಿಳಿದೆ.

"ಅಣ್ಣಾ, ಕೆಳಗಿನ ಹೊಲಕ್ಕೆ ಎರಡು ಸಲ ಜಾಸ್ತಿ ಹಾಕಿದ್ದು ನಿಜ. ಎಲೆ ಹಳದಿಗಟ್ಟಿತ್ತು, ಹೆದರಿಬಿಟ್ಟೆ. ಅದನ್ನ ನಾನೇ ಬಂದು ನಿಂಗೆ ಹೇಳ್ದೆ. ಮೇಲಿನ ಹೊಲಕ್ಕೆ ಒಂದು ಕಾಳು ಹೆಚ್ಚಿಗೆ ಬಿದ್ದಿಲ್ಲ. ನೀನು ಹೇಳಿದಷ್ಟೇ ಪೊಟ್ಯಾಷು, ನೀನು ಹೇಳಿದಷ್ಟೇ ಬೂದಿ."

"ಹಾಗಾದರೆ ಅದಕ್ಕೂ ಗಂಧವೇಕಿಲ್ಲ?"

"ಇಲ್ಲ ಅಂತ ನೀನು ಹೇಳ್ತಿದೀಯ."

"ನಾನಲ್ಲದೆ ಇನ್ನಾರು ಹೇಳಬೇಕು?"

ಅವನು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದನು. ಕೊನೆಗೆ, "ಒಂದ್ಸಲ ನಾನು ಒಳಗೆ ಬಂದು ನೋಡ್ಲಾ?" ಎಂದನು.

ಬೇಡವೆಂದೆ. ಸುಳ್ಳು ಹೇಳಿದವನು ನನ್ನ ಮಳಿಗೆಯ ಹೊಸ್ತಿಲು ತುಳಿಯಕೂಡದು ಎಂದೂ ಹೇಳಿದೆ. ಅವನ ಮುಖ ಕಪ್ಪಿಟ್ಟಿತು. ಎದ್ದು, ಪಂಚೆಯ ಧೂಳು ಕೊಡವಿಕೊಂಡು ಹೋದನು.

ಅಡುಗೆಮನೆಯ ಕಿಟಕಿಯಿಂದ ಅಕ್ಕ, "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು.

ಯಾರಿಗೆ ಹೇಳಿದ್ದೆಂದು ಕೇಳಿದೆ.

"ನೆಲಕ್ಕೆ," ಎಂದಳು.

ಡಿಸೆಂಬರ್ ೧೫, ಮಂಗಳವಾರ

ಇಂದು ಕೆಡುಕು ಕಣ್ಣಿಗೆ ಕಂಡಿತು. ತಳದ ಪೆಟ್ಟಿಗೆಗಳಲ್ಲಿ ಕೆಲವು ಗೆಡ್ಡೆಗಳ ತುದಿ ಕಪ್ಪಾಗಿದೆ. ಕೆಲವಕ್ಕೆ ಬೂದುಬಣ್ಣದ ಬೂಷ್ಟು. ನಾನು ಮೊದಲೇ ಹೇಳಿದಂತೆಯೇ ಆಗುತ್ತಿದೆ. ಹೇಳಿದ್ದು ನಿಜವಾದಾಗ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಬೂಷ್ಟು ಒರೆಸಿ, ಒಂದೊಂದನ್ನೂ ಮೂಗಿಗೆ ಹಿಡಿದು ನೋಡಿದೆ. ಒಳಗೆ ಕೆಟ್ಟಿದ್ದರೆ ಕಹಿವಾಸನೆ ಬರಲೇಬೇಕು, ಬರಲಿಲ್ಲ. ಮನುಷ್ಯರಿಗೆ ಮಾರಲು ಬಾರದಿದ್ದರೂ ದನಗಳಿಗೆ ಧಾರಾಳವಾಗಿ ಸಲ್ಲುತ್ತವೆ. ಜಗಳ ನಮ್ಮದು, ಮೂಕಪ್ರಾಣಿಗಳದ್ದಲ್ಲ. ತಮ್ಮನ ಹೆಂಡತಿಯನ್ನು ಕರೆದು ಎರಡು ಬುಟ್ಟಿ ಕೊಟ್ಟೆ. ಅವಳ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹಸುಗಳು ಎರಡಿವೆ, ಕೆಂಪಿ ಮತ್ತು ತುಂಟಿ. ಮಕ್ಕಳಿಲ್ಲದ ಮನೆಯಲ್ಲಿ ಅವುಗಳೇ ಮಕ್ಕಳು.

ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡವಳು ಹಾಗೆಯೇ ನಿಂತಳು. "ಭಾವ, ಇದು ಮುಗ್ಗಲು... ಒಂಥರಾ ಕಮಟು ಹೊಡೀತಿಲ್ವಾ?"

"ಮೊದಲ ಉಸಿರು ನಾನು ಎಳೆದಿದ್ದೇನಮ್ಮ. ಏನೂ ಇಲ್ಲ."

ಅವಳು ಬುಟ್ಟಿಯನ್ನೊಮ್ಮೆ ನೋಡಿ, ತಲೆ ತಗ್ಗಿಸಿ, "ನೀವು ಹೇಳಿದ ಮೇಲೆ ಸರಿ ಭಾವ," ಎಂದಳು. ಎಂಥ ಮಾತಾದರೂ ಎದುರಾಡದ ಹೆಣ್ಣುಮಗಳು. ಗಂಡನಿಗಿಂತ ಮೇಲು.

ಡಿಸೆಂಬರ್ ೧೮, ಶುಕ್ರವಾರ

ಕೆಂಪಿ ನಿನ್ನೆಯಿಂದ ಮೇವು ಮುಟ್ಟುತ್ತಿಲ್ಲವಂತೆ. ಹೋಗಿ ನೋಡಿದೆ. ಕತ್ತನ್ನು ನೀಳವಾಗಿ ಮುಂದಕ್ಕೆ ಚಾಚಿ, ಬಾಯಿ ತೆರೆದು ಉಸಿರಾಡುತ್ತಿತ್ತು. ಪ್ರತಿ ಉಸಿರಿಗೂ ಗರಗಸ ಎಳೆದಂಥ ಸದ್ದು. ತಮ್ಮನ ಹೆಂಡತಿ ಅದರ ಗಂಗೆದೊಗಲನ್ನು ನೀವುತ್ತ ನಿಂತಿದ್ದಳು. ತುಂಟಿಯ ಮೂಗಿನಲ್ಲಿಯೂ ನೊರೆ.

ಡಿಸೆಂಬರ್ ೧೯, ಶನಿವಾರ

ಕೆಂಪಿ ಸತ್ತಿತು.

ಡಿಸೆಂಬರ್ ೨೧, ಸೋಮವಾರ

ನಿನ್ನೆ ತುಂಟಿಯೂ ಸತ್ತಿತು. ಪಟ್ಟಣದಿಂದ ದನದ ವೈದ್ಯೆ ಬಂದು, ಕೊಟ್ಟಿಗೆಯ ಹಿಂದೆ ಅದನ್ನು ಕುಯ್ದು ನೋಡಿದಳು. ಚಿಕ್ಕ ವಯಸ್ಸು, ಮೊಣಕಾಲವರೆಗೆ ರಬ್ಬರ್ ಬೂಟು. ಶ್ವಾಸಕೋಶವನ್ನು ಎರಡು ಕೈಯಲ್ಲಿ ಎತ್ತಿ ತೋರಿಸಿದಳು. ಒದ್ದೆ ಕಂಬಳಿಯಂತೆ ಜೋತುಬಿದ್ದಿತ್ತು.

"ಇವಕ್ಕೆ ಏನು ತಿನ್ನಿಸಿದ್ರಿ?"

"ಗೆಣಸು," ಎಂದನು ತಮ್ಮ.

"ಬೂಷ್ಟು ಹಿಡಿದಿದ್ದಾ? ಬೂಷ್ಟು ಹಿಡಿದ ಗೆಣಸಲ್ಲಿ ಒಂದು ವಿಷ ಹುಟ್ಟುತ್ತೆ. ಹೊಟ್ಟೆ ಕೆಡ್ಸಲ್ಲ, ನೇರ ಶ್ವಾಸಕೋಶಕ್ಕೇ ಹೋಗುತ್ತೆ. ಒರೆಸಿದ್ರೂ ಹೋಗಲ್ಲ, ಬೇಯಿಸಿದ್ರೂ ಹೋಗಲ್ಲ."

ಕಾರಣ ಅದಲ್ಲ, ಯೂರಿಯಾ ಹೆಚ್ಚಾದ ಹೊಲದ ಬಳ್ಳಿಯನ್ನು ಇವು ತಿಂದಿವೆ, ಸಾರಜನಕದ ವಿಷ ಏರಿದೆ ಎಂದು ನಾನು ತಿಳಿಸಿದೆ.

"ಹಾಗಾಗಿದ್ರೆ ರಕ್ತ ಕಾಫಿ ಬಣ್ಣಕ್ಕೆ ತಿರುಗಿರ್ತಿತ್ತು ತಾತ. ನೋಡಿ, ಕೆಂಪಗೇ ಇದೆ." ಅವಳು ಕೈ ತೊಳೆಯುತ್ತ ಕೇಳಿದಳು: "ಅಲ್ಲ, ಇಷ್ಟು ಕೆಟ್ಟ ಗೆಣಸು ಕೊಡೋವಾಗ ಯಾರಿಗೂ ವಾಸನೆ ಗೊತ್ತಾಗ್ಲಿಲ್ವಾ?"

ತಮ್ಮನ ಹೆಂಡತಿ ನೆಲ ನೋಡುತ್ತ ನಿಂತಿದ್ದಳು. ತಮ್ಮನು ನನ್ನ ಕಡೆಗೊಮ್ಮೆ ತಿರುಗಿ, ಮತ್ತೆ ವೈದ್ಯೆಯ ಕಡೆಗೆ ತಿರುಗಿ, "ನಾವೇ ನೋಡ್ಕೋಬೇಕಿತ್ತು ಡಾಕ್ಟ್ರಮ್ಮ. ನಮ್ದೇ ತಪ್ಪು," ಎಂದನು.

ಎಲ್ಲರೆದುರು ತನ್ನ ತಪ್ಪನ್ನು ಒಪ್ಪಿಕೊಂಡದ್ದು ಮೆಚ್ಚತಕ್ಕದ್ದೇ. ಆದರೆ ಸಂಘಕ್ಕೆ ತಿಳಿಸುವುದು ನನ್ನ ಕರ್ತವ್ಯ. ಮತ್ತೊಂದು ಪತ್ರ ಬರೆದೆ: ಎರಡೂ ಹೊಲಗಳ ಬೆಳೆ ಗೊಬ್ಬರದ ಅತಿಯಿಂದ ಕೆಟ್ಟಿದೆ, ಮೇಲಿನ ಹೊಲಕ್ಕೆ ಸೆಪ್ಟೆಂಬರ್ ೬ರ ಸುಮಾರಿಗೆ ಗುಟ್ಟಾಗಿ ಯೂರಿಯಾ ಹಾಕಿರಬೇಕು, ಮಳಿಗೆ ಕೆಡಲಾರಂಭಿಸಿದ್ದು ಡಿಸೆಂಬರ್ ೧೫ರಂದು, ಬಳ್ಳಿ ಮೇಯ್ದ ಅವನ ಹಸುಗಳೇ ಇದಕ್ಕೆ ಸಾಕ್ಷಿ.

ಡಿಸೆಂಬರ್ ೨೮, ಸೋಮವಾರ

ಸಂಘವು ಬಿತ್ತನೆ ಬೆಳೆಗಾರರ ಪಟ್ಟಿಯಿಂದ ತಮ್ಮನ ಹೆಸರನ್ನು ತೆಗೆದುಹಾಕಿದೆ. ಕಾರ್ಯದರ್ಶಿಯ ಪತ್ರದಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು.

ತಮ್ಮನೂ ಅವನ ಹೆಂಡತಿಯೂ ಮನೆ ಬಿಟ್ಟರು. ಬಾಡಿಗೆಯ ಗಾಡಿಗೆ ಎರಡು ಪೆಟ್ಟಿಗೆ, ಒಂದು ಹಾಸಿಗೆ, ಹೊಲದ ಸನಿಕೆ. ಅವಳ ಅಣ್ಣನ ಊರಿನಲ್ಲಿ ಇಟ್ಟಿಗೆಯ ಗೂಡೊಂದರಲ್ಲಿ ಕೆಲಸ ಸಿಕ್ಕಿದೆಯಂತೆ. ನಾನು ಪಾಲುಗಾರಿಕೆಯ ಮಾತೆತ್ತುವ ಮೊದಲೇ ಅವನು ಹೊಲದ ಬೇಲಿಯ ಬೀಗದ ಕೈಯನ್ನು ನನ್ನ ಮುಂದಿಟ್ಟನು.

"ನಿನ್ನ ಮೇಲೆ ಕೋಪ ಮಾಡ್ಕೊಂಡು ಹೋಗ್ತಿಲ್ಲ ಅಣ್ಣಾ. ಖಾಲಿ ಕೊಟ್ಟಿಗೆ ನೋಡೋಕೆ ಅವಳ ಕೈಲಿ ಆಗ್ತಿಲ್ಲ."

"ಸತ್ಯ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ," ಎಂದೆ.

"ಹೌದು," ಎಂದನು. "ಹೇಳ್ಬೇಕಿತ್ತು."

ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅಕ್ಕ ಬೀದಿಯಲ್ಲೇ ನಿಂತಿದ್ದಳು. ಒಳಗೆ ಬಂದವಳು ನನಗೆ ಬಡಿಸಿ, ತಾನು ಉಣ್ಣದೆ ಮಲಗಿದಳು.

ಜನವರಿ ೩, ಭಾನುವಾರ

ಮಳಿಗೆಯಲ್ಲಿ ಬಲಗಡೆಯೂ ಕಪ್ಪಾಗಿದೆ. ಸೊಟ್ಟ ಟೋಪಿ ಕೆಲಸ ಬಿಟ್ಟನು. ಕಾರಣ ಹೇಳಲಿಲ್ಲ. ಅಕ್ಕ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬೆಳಿಗ್ಗೆ ಒಬ್ಬನೇ ಬಾಗಿಲು ತೆರೆದು ಉಸಿರೆಳೆಯುತ್ತೇನೆ. ಏನೂ ಇಲ್ಲ.

ಜನವರಿ ೧೧, ಸೋಮವಾರ

ಇಂದು ನಡೆದುದನ್ನು ನಡೆದಂತೆಯೇ ಬರೆಯುತ್ತೇನೆ.

ಮಧ್ಯಾಹ್ನ ಅಕ್ಕ ಒಂದು ತಟ್ಟೆಯಲ್ಲಿ ಬೇಯಿಸಿದ ಗೆಣಸು ತಂದಿಟ್ಟಳು. ಮೈಯಲ್ಲಿ ಒಂದು ಕಲೆಯಿಲ್ಲ. ಸಿಪ್ಪೆ ಬಿರಿದು, ಒಳಗಿನ ಕೇಸರಿ ಬಣ್ಣ ಹೊಳೆಯುತ್ತಿತ್ತು. ನಾಲಿಗೆಗೆ ಒಳ್ಳೆಯ ಸಿಹಿ. ಯಾರ ಹೊಲದ್ದೆಂದು ಕೇಳಿದೆ.

"ಕೆಳಗಿನ ಹೊಲದ್ದು."

ಆಗಲಾರದೆಂದೆ.

"ಅಗೆದಾಗ ತಮ್ಮನ ಹೆಂಡತಿ ಒಂದು ಬುಟ್ಟಿ ಎತ್ತಿಟ್ಕೊಂಡಿದ್ಲು. ಅಡುಗೆಮನೆ ಒಲೆ ಹತ್ರ ಒಂದು ವಾರ, ಆಮೇಲೆ ಅಟ್ಟದ ಕೆಳಗೆ ಮರಳಲ್ಲಿ. ಹೋಗುವಾಗ ನನ್ನ ಕೈಗೆ ಕೊಟ್ಟು ಹೋದ್ಲು, ಅಕ್ಕಾ ತಿನ್ನಿ ಅಂತ. ಅದೇ ಹೊಲ, ಅದೇ ಯೂರಿಯಾ. ಒಂದೂ ಕೊಳೆತಿಲ್ಲ."

ಹೆಚ್ಚು ಸಾರಜನಕ ಕುಡಿದ ಬೆಳೆ ಇಷ್ಟು ಕಾಲ ನಿಂತಿದೆ. ಗೆಡ್ಡೆ ಸ್ವಲ್ಪ ಸೀಳು ಬಿಟ್ಟಿದೆ, ಆಕಾರ ಸೊಟ್ಟ, ಹಿಟ್ಟು ಕಡಿಮೆ. ಗೊಬ್ಬರದ ದೋಷ ಅಷ್ಟೇ. ಕೊಳೆತಿಲ್ಲ.

ನಾನು ಎದ್ದು ಮಳಿಗೆಗೆ ಹೋದೆ. ತಂಪುಕೋಣೆಯ ಬಾಗಿಲು ತೆರೆದು ಒಳಗೆ ನಿಂತು ಪೆಟ್ಟಿಗೆಗಳನ್ನು ನೋಡುತ್ತಿದ್ದೆ. ಹಿಂದೆಯೇ ಅಕ್ಕ ಬಂದಳು. ಹುಟ್ಟಿದ ಮನೆಯ ಆ ಹೊಸ್ತಿಲನ್ನು ಅವಳು ಒಮ್ಮೆಯೂ ದಾಟಿದವಳಲ್ಲ. ಇಂದು ಒಂದು ಕಾಲು ಒಳಗಿಟ್ಟಳು. ಸೆರಗನ್ನು ಬಾಯಿಗೆ ಒತ್ತಿ ಹಿಂದೆ ಸರಿದು, ಗೋಡೆ ಹಿಡಿದು ಕಾರಿಕೊಂಡಳು.

"ಹೊರಗೆ ಬಾರೋ," ಎಂದು ಕೂಗಿದಳು. "ಹೆಣದ ಕೋಣೆ ಥರ ನಾರ್ತಿದೆ. ಹೇಗೆ ನಿಂತಿದ್ದೀಯೋ ಅಲ್ಲಿ?"

ನಾನು ನಿಂತಿದ್ದೆ. ಮತ್ತೊಮ್ಮೆ ಉಸಿರೆಳೆದೆ. ಒಂದು ಕಪ್ಪು ಗೆಡ್ಡೆಯನ್ನು ತೆಗೆದು ಒಡೆದೆ. ಅದು ಕೈಯಲ್ಲಿ ಕೆಸರಾಯಿತು. ಮೂಗಿಗೆ ಹಿಡಿದೆ. ತಣ್ಣಗಿತ್ತು.

ಜನವರಿ ೧೨, ಮಂಗಳವಾರ

ಏನೂ ಬರೆಯುವುದಕ್ಕಿಲ್ಲ.

ಜನವರಿ ೧೫, ಶುಕ್ರವಾರ

ಮೂರು ಮನೆಗಳಿಗೆ ಹೋಗಿಬಂದೆ. ಎಲ್ಲರಿಗೂ ಒಂದೇ ಪ್ರಶ್ನೆ: ನಿಮಗೆ ಯಾವಾಗಿನಿಂದ ನಾರುತ್ತಿತ್ತು?

ಸೊಟ್ಟ ಟೋಪಿ ಹೇಳಿದನು: "ಹದಕೋಣೆ ಆ ಶನಿವಾರಾನೇ ಘಮ್ಮಂತಿತ್ತಲ್ಲ ಯಜಮಾನ್ರೇ. ಬೀದಿಗೇ ಬರ್ತಿತ್ತು ಜೇನಿನ ವಾಸನೆ. ನೀವು ಬೆರಳೆತ್ತಿದ್ರಿ. ದೊಡ್ಡೋರು, ಏನೋ ಬೇರೆ ಲೆಕ್ಕ ಇರ್ಬೇಕು ಅಂದ್ಕೊಂಡೆ. ಆಮೇಲೆ ವಾಂತಿ ತಡ್ಕೊಂಡು ಹೊರೋಕಾಗ್ಲಿಲ್ಲ, ಬಿಟ್ಟೆ."

ದರ್ಜಿ ತಲೆ ಕೆರೆದುಕೊಂಡನು. "ನವೆಂಬರ್ ಕೊನೇಲಿ ಶುರುವಾಯ್ತು. ಪುರಸಭೆಯೋರು ಬಂದು ಚರಂಡಿ ತೊಳೆದು ಹೋದ್ರು. ಹೋಗ್ಲಿಲ್ಲ. ನಿಮ್ಮ ಮಳಿಗೆ ಅಂತ ಆಮೇಲೆ ಗೊತ್ತಾಯ್ತು. ಅರ್ಜಿ ಬರೆದುಕೊಟ್ಟೋರಿಗೇ ಹೇಗೆ ಹೇಳೋದು ಸ್ವಾಮಿ?"

ಮೂರನೆಯದು ನನ್ನದೇ ಮನೆ. ಅಕ್ಕ ಗೋಡೆಗೊರಗಿ ಕುಳಿತಿದ್ದಳು.

"ಹಾಲು ಸೀದ ದಿನವೇ ನಂಗೆ ಹೊಳೀಬೇಕಿತ್ತು," ಎಂದಳು. "ಹೊಳೀತು ಅಂತಾನೇ ಇಟ್ಕೋ. ಗೊತ್ತಾಗಿತ್ತು ಅಂದ್ಯಲ್ಲ ನೀನು, ಅದನ್ನೇ ನಂಬ್ಕೊಂಡೆ. ಮಳಿಗೆ ವಿಷಯ ನೀನು ಮೊದಲು ಹೇಳ್ಬೇಕು, ಇವತ್ತು ಹೇಳ್ತೀಯ ನಾಳೆ ಹೇಳ್ತೀಯ ಅಂತ ಎಲ್ಲರೂ ಕಾಯ್ತಿದ್ವಿ."

"ತಮ್ಮನಿಗೂ ಗೊತ್ತಾಗಿತ್ತೇ?"

"ಕಟ್ಟೆ ಮೇಲೆ ಕೂತು ಜಗಳ ಆಡಿದ ದಿನವೇ ಗೊತ್ತಾಗಿದೆ ಅವನಿಗೆ. ಒಳಗೆ ಬಿಡು ಅಂದ, ನೀನು ಬಿಡ್ಲಿಲ್ಲ. ರಾತ್ರಿ ಬಂದು ನನ್ನ ಹತ್ರ ಅಂದ, ಅಣ್ಣನಿಗೆ ಮೂಗು ಹೋಗಿದೆ ಅಂತ ಹೇಗಕ್ಕಾ ಹೇಳೋದು, ಅವನಿಗೆ ಇರೋದು ಅದೊಂದೇ ಅಂತ."

ಜನವರಿ ೧೭, ಭಾನುವಾರ

ಅಕ್ಕ ಬೆಳಗಿನ ಬಸ್ಸಿಗೆ ತಮ್ಮನ ಊರಿಗೆ ಹೋಗಿ ಸಂಜೆಗೆ ಹಿಂದಿರುಗಿದಳು. ಅವರು ದನ ಕಟ್ಟಲು ಜಾಗವಿಲ್ಲದ ಒಂದು ಕೋಣೆಯ ಮನೆ ಹಿಡಿದಿದ್ದಾರೆ. ಅವನ ಅಂಗೈಗಳು ಇಟ್ಟಿಗೆಯಿಂದ ಒಡೆದಿವೆ. ಮರಳಿ ಬಾ ಎಂದು ನಾನು ಅವಳ ಕೈಯಲ್ಲಿ ಬರೆದು ಕಳುಹಿಸಿದ್ದ ಪತ್ರವನ್ನು ನಿಂತುಕೊಂಡೇ ಓದಿ, ಮಡಿಸಿ ಜೇಬಿಗಿಟ್ಟುಕೊಂಡನಂತೆ.

"ಬರಲ್ಲ ಅಂದ. ಕೋಪ ಇಲ್ಲ ಅಂದ," ಎಂದಳು ಅಕ್ಕ. "ಅವಳು ಒಳಗಿಂದ ಹೊರಗೇ ಬರ್ಲಿಲ್ಲ."

ಮಳಿಗೆಯ ಗೆಣಸನ್ನೆಲ್ಲ ಸುಣ್ಣ ಹಾಕಿ ಹೂಳಿಸಿಯಾಯಿತು. ಬಿತ್ತನೆಗೆ ಒಂದು ಗೆಡ್ಡೆಯೂ ಉಳಿದಿಲ್ಲ. ತಮ್ಮನ ಹೆಸರನ್ನು ಪಟ್ಟಿಗೆ ಮರಳಿ ಸೇರಿಸಿ ಎಂದು ಕಾರ್ಯದರ್ಶಿಯನ್ನು ಕಂಡು ಬೇಡಿಕೊಂಡೆ. "ಗೆಣಸೇ ಇಲ್ಲ ಅಂದ್ಮೇಲೆ ಯಾವ ಹೆಸರು ಬರ್ಕೊಳ್ಳೋದು? ಏನಿದ್ರೂ ಬರವಣಿಗೇಲಿ ಕೊಡಿ, ಫೈಲಲ್ಲಿ ಇಡ್ತೀನಿ," ಎಂದನು.

ಜನವರಿ ೧೮, ಸೋಮವಾರ

ಬರವಣಿಗೆಯಲ್ಲಿ ಕೊಟ್ಟೆ. ನನ್ನ ಹಿಂದಿನ ಪತ್ರಗಳಲ್ಲಿಯೂ ಈ ದಿನಚರಿಯಲ್ಲಿಯೂ ಇರುವ ದಿನಾಂಕಗಳನ್ನು ಹೀಗೆ ತಿದ್ದಿ ಓದಿಕೊಳ್ಳಬೇಕು:

ಹದ ತಿರುಗಿದ್ದು: 'ತಿರುಗಲೇ ಇಲ್ಲ' ಎಂದಿದೆ. ನವೆಂಬರ್ ೧೪ ಎಂದಾಗಬೇಕು. ಅಂದು ಆರಿಸಬೇಕಾಗಿದ್ದ ಒಲೆಯನ್ನು ನಾನು ನವೆಂಬರ್ ೨೩ರವರೆಗೆ ಉರಿಸಿದೆ.

ಮಳಿಗೆ ಕೆಡಲಾರಂಭಿಸಿದ್ದು: ಡಿಸೆಂಬರ್ ೧೫ ಎಂದಿದೆ. ನವೆಂಬರ್ ಕೊನೆಯ ವಾರ ಎಂದಾಗಬೇಕು. ಡಿಸೆಂಬರ್ ೨ರ ಅರ್ಜಿಯಲ್ಲಿ ಹೇಳಿರುವ ದುರ್ಗಂಧ ಚರಂಡಿಯದಲ್ಲ.

ಮೇಲಿನ ಹೊಲಕ್ಕೆ ಗುಟ್ಟಾಗಿ ಯೂರಿಯಾ ಹಾಕಿದ್ದು: ಸೆಪ್ಟೆಂಬರ್ ೬ರ ಸುಮಾರು ಎಂದಿದೆ. ಅಂಥ ದಿನವಿಲ್ಲ.

ನನ್ನ ಮೂಗು ಹೋದದ್ದು: ಎಲ್ಲಿಯೂ ಬರೆದಿಲ್ಲ. ಅಕ್ಟೋಬರ್ ಕೊನೆಯ ವಾರದ ಜ್ವರದಲ್ಲಿರಬೇಕು. ದಿನ ತಿಳಿಯದು.

ಹಸುಗಳು ಸತ್ತದ್ದು: ಡಿಸೆಂಬರ್ ೧೯ ಮತ್ತು ೨೦. ಕಾರಣ 'ಬಳ್ಳಿ' ಎಂದಿರುವಲ್ಲಿ 'ಡಿಸೆಂಬರ್ ೧೫ರಂದು ನಾನು ಕೊಟ್ಟ ಎರಡು ಬುಟ್ಟಿ' ಎಂದು ಓದಿಕೊಳ್ಳಬೇಕು.

ತಮ್ಮನೂ ಅವನ ಹೆಂಡತಿಯೂ ಮನೆ ಬಿಟ್ಟದ್ದು: ಡಿಸೆಂಬರ್ ೨೮, ಸೋಮವಾರ. ಅಕ್ಕನನ್ನೂ ಕೇಳಿ ನೋಡಿದೆ. ಇದೊಂದು ಸರಿಯಾಗಿದೆ.